ಷಡಕ್ಷರಿಯ ಲಯ

'ಮಂತ್ರ' ಶಬ್ದದ ಮೂಲವು 'ಮನ್' ಧಾತು. ಚಿಂತಿಸು ಎಂಬುದು ಅದರ ಅರ್ಥ. 'ವಚನ'ದ ಮೂಲವು 'ವಚ್'. ನುಡಿ ಎಂಬುದು ಅದರ ಅರ್ಥ. ಎರಡರಲ್ಲಿಯೂ ಹಾಡಿನ ಸುಳಿವಿಲ್ಲ. ಆದರೂ ಭಕ್ತರ ಕಂಠದಲ್ಲಿ ಇವೆರಡೂ ಹಾಡಿನಂತೆ ಕೇಳಿಸುತ್ತವೆ. ನುಡಿಯು ಹಾಡಾಗುವ ಬಗೆ ಯಾವುದು?

ವೇದಪಠನವು ಇದಕ್ಕೆ ಮೊದಲ ಉತ್ತರ. ಉದಾತ್ತ, ಅನುದಾತ್ತ, ಸ್ವರಿತಗಳ ಏರಿಳಿತದಲ್ಲಿ ಪಠಿಸಿದ ಋಕ್ಕುಗಳೇ ಸಾಮವೇದದಲ್ಲಿ ಗಾನವಾದವು. ಪಠನವು ಮಾತು ಮತ್ತು ಗಾನಗಳ ನಡುವಣ ಸೋಪಾನ.

ತೈತ್ತಿರೀಯ ಸಂಹಿತೆಯ ಶ್ರೀರುದ್ರದಲ್ಲಿ, ಎಂಟನೆಯ ಅನುವಾಕದಲ್ಲಿ, ಪಂಚಾಕ್ಷರಿಯು ಬರುತ್ತದೆ. ಪ್ರಣವವು ಕೂಡಿದರೆ ಅದೇ ಷಡಕ್ಷರಿ. ಅದನ್ನು ಪ್ರಸ್ತಾರ ಹಾಕಿ ನೋಡಬೇಕು. 'ಓಂ' ಗುರು, 'ನ' ಲಘು. 'ಮಃ' ಗುರು, 'ಶಿ' ಲಘು. 'ವಾ' ಗುರು, 'ಯ' ಲಘು. ಮೂರು ಮಾತ್ರೆಯ ಮೂರು ಗಣಗಳು, ಒಟ್ಟು 9 ಮಾತ್ರೆ. ಉತ್ಸಾಹ ರಗಳೆಯ ನಡೆಯೂ ಮೂರು ಮಾತ್ರೆಯದೇ. ಈ ಮಂತ್ರಕ್ಕೆ ತಾಳವನ್ನು ಹೊರಗಿನಿಂದ ತರಬೇಕಾಗಿಲ್ಲ. ಲಯವು ಅಕ್ಷರಗಳಲ್ಲಿಯೇ ಇದೆ.

ತುಮಕೂರು ಸೀಮೆಯ ಸಾಹಿತ್ಯದಲ್ಲಿ ನುಡಿ ಮತ್ತು ಹಾಡುಗಳ ಎರಡು ದಾರಿಗಳೂ ಕಾಣುತ್ತವೆ. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ರಚಿಸಿದ 'ಭಾವಚಿಂತಾರತ್ನ'ವು ಪಂಚಾಕ್ಷರಿಯ ಮಹಿಮೆಯನ್ನು ಷಟ್ಪದಿಯಲ್ಲಿ ಸಾರುತ್ತದೆ. ಕಾವ್ಯವನ್ನು ಒಬ್ಬರು ರಾಗವಾಗಿ ಓದಿ ಹಲವರು ಕೇಳಿ ಅರಿಯುತ್ತಿದ್ದ ಕಾಲವದು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲಸಿದ ತೋಂಟದ ಸಿದ್ಧಲಿಂಗ ಯತಿಗಳಾದರೋ ವಚನದ ದಾರಿಯನ್ನು ಹಿಡಿದರು. ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ದಲ್ಲಿ 701 ವಚನಗಳಿವೆ. ವಚನಕ್ಕೆ ಗಣನಿಯಮವಿಲ್ಲ. ಅರ್ಥವು ನಿಲ್ಲುವಲ್ಲಿ ಉಸಿರು ನಿಲ್ಲುತ್ತದೆ. ಒಂದೇ ಬಗೆಯ ವಾಕ್ಯಗಳು ಮರಳಿ ಮರಳಿ ಬಂದು ಲಯವನ್ನು ಹುಟ್ಟಿಸುತ್ತವೆ. ಅಂಕಿತದಲ್ಲಿ ಅದು ವಿಶ್ರಮಿಸುತ್ತದೆ. ಹಾಡುವುದಕ್ಕೆ ಪಲ್ಲವಿಯುಳ್ಳ 'ಸ್ವರವಚನ'ವೆಂಬ ಬೇರೊಂದು ಪ್ರಕಾರವೇ ಶರಣಸಾಹಿತ್ಯದಲ್ಲಿದೆ.

ಇಪ್ಪತ್ತನೆಯ ಶತಮಾನದಲ್ಲಿ ಮಲ್ಲಿಕಾರ್ಜುನ ಮನಸೂರ (1910–1992) ಅವರಂಥ ಗಾಯಕರು ವಚನಗಳನ್ನು ರಾಗಗಳಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರು. ಇದು ದೊಡ್ಡ ಉಪಕಾರ. ಆದರೆ ಆಲಾಪದ ಸೊಗಸಿನಲ್ಲಿ ವಾಕ್ಯವು ಒಡೆದು ಹೋದರೆ, ಕೇಳುವವನಿಗೆ ರಾಗವು ಉಳಿದು ನುಡಿಯು ಜಾರಿಹೋಗುತ್ತದೆ. ಕಣ್ಣಿನಿಂದ ಮಾತ್ರ ಓದುವ ವಿದ್ಯಾರ್ಥಿಗಾದರೋ ಅರ್ಥವು ದಕ್ಕೀತು, ಲಯವು ದಕ್ಕದು. ಗಟ್ಟಿಯಾಗಿ, ಅರ್ಥಕ್ಕೆ ತಕ್ಕಂತೆ ನಿಲ್ಲಿಸಿ ಪಠಿಸುವುದೇ ಎರಡನ್ನೂ ಉಳಿಸುವ ಮಾರ್ಗ.

ತುಮಕೂರಿನ ಸಿದ್ಧಗಂಗಾ ಕ್ಷೇತ್ರದ ಸಾಮೂಹಿಕ ಪ್ರಾರ್ಥನೆಯಲ್ಲಿ ಸಾವಿರಾರು ಮಕ್ಕಳು ಏಕಕಂಠದಿಂದ ಪಠಿಸುತ್ತಾರೆ. ಅವರೆಲ್ಲರೂ ಸಂಗೀತವನ್ನು ಕಲಿತವರಲ್ಲ. ಆದರೂ ದನಿಗಳು ಒಂದಾಗಿ ಸಾಗುತ್ತವೆ. ನುಡಿಯೊಳಗಣ ಲಯವೇ ಅವರಿಗೆ ಗುರು.