ಮಧುವನ್ನು ಬಿಟ್ಟ ವೈದ್ಯ: ಕಲ್ಯಾಣಕಾರಕದಿಂದ ಬೆಂಗೇರಿಯವರೆಗೆ

ಹುಬ್ಬಳ್ಳಿಯ ಬೆಂಗೇರಿ ಎಂದೊಡನೆ ರಾಷ್ಟ್ರಧ್ವಜವು ನೆನಪಿಗೆ ಬರುತ್ತದೆ. 1957ರ ನವೆಂಬರ್ 1ರಂದು ಸ್ಥಾಪನೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಇಲ್ಲಿಯೇ ಇದೆ. ಸಂಸ್ಥೆಯ ಹೆಸರಿನಲ್ಲಿ ಖಾದಿಯ ಬೆನ್ನಿಗೇ ನಿಂತಿರುವ ‘ಗ್ರಾಮೋದ್ಯೋಗ’ ಎಂಬ ಪದಕ್ಕೂ ಒಂದು ಇತಿಹಾಸವಿದೆ. 1934ರ ಕೊನೆಯಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಹುಟ್ಟಿ, ಜೆ. ಸಿ. ಕುಮಾರಪ್ಪನವರ ಕೈಯಲ್ಲಿ ಬೆಳೆದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಕೈಗೆತ್ತಿಕೊಂಡ ಕಸುಬುಗಳಲ್ಲಿ ಗಾಣ, ಕೈಕಾಗದಗಳೊಡನೆ ಜೇನುಸಾಕಣೆಯೂ ಒಂದು. ನಾಡಿನ ಖಾದಿ ಭಂಡಾರಗಳಲ್ಲಿ ಬಟ್ಟೆಯ ಪಕ್ಕದಲ್ಲಿ ಜೇನಿನ ಶೀಶೆ ಕಾಣಿಸುವುದಕ್ಕೆ ಇದೇ ಹಿನ್ನೆಲೆ. ಈಗ ತುಳಸಿ, ಶುಂಠಿ, ಅಶ್ವಗಂಧಗಳನ್ನು ನೆನೆಸಿದ ಜೇನು ಆರೋಗ್ಯದ ಹೆಸರಿನಲ್ಲಿ ಎಲ್ಲ ಕಡೆಯೂ ಮಾರಾಟವಾಗುತ್ತಿದೆ. ಅಹಿಂಸೆಯನ್ನೇ ನಂಬಿದ ಗಾಂಧೀವಾದಿಗೆ ಅದು ಪಥ್ಯ. ಅದೇ ಅಹಿಂಸೆಯನ್ನು ನಂಬಿದ ಶ್ರಾವಕನಿಗೆ ಅದು ವರ್ಜ್ಯ. ಈ ಭೇದವು ನಿನ್ನೆ ಮೊನ್ನೆಯದಲ್ಲ. ಕನ್ನಡ ನಾಡಿನ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಸಾವಿರ ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ.

ಆಯುರ್ವೇದದಲ್ಲಿ ಮಧುವಿನ ಸ್ಥಾನವು ದೊಡ್ಡದು. ಚರಕಸಂಹಿತೆಯು ನಾಲ್ಕು ಬಗೆಯ ಜೇನನ್ನು ಹೇಳಿದರೆ ಸುಶ್ರುತಸಂಹಿತೆಯು ಎಂಟನ್ನು ಎಣಿಸುತ್ತದೆ. ಜೇನು ‘ಯೋಗವಾಹಿ’, ಎಂದರೆ ತಾನು ಕೂಡಿದ ಮೂಲಿಕೆಯ ಗುಣವನ್ನು ಹೊತ್ತೊಯ್ಯುವ ದ್ರವ್ಯ. ಹಿಪ್ಪಲಿ, ಶುಂಠಿ, ಆಡುಸೋಗೆಗಳ ಅನುಪಾನವಾಗಿ ಜೇನನ್ನು ಹೇಳಿದುದು ಈ ಕಾರಣದಿಂದ. ಆದರೆ ಹೊಗಳಿದ ಶಾಸ್ತ್ರವೇ ಎಚ್ಚರಿಕೆಯನ್ನೂ ಕೊಟ್ಟಿದೆ. ಜೇನನ್ನು ಕಾಯಿಸಬಾರದು, ಉಷ್ಣದ್ರವ್ಯಗಳೊಡನೆ ಬೆರೆಸಬಾರದು, ತುಪ್ಪದೊಡನೆ ಸಮಪ್ರಮಾಣದಲ್ಲಿ ಕೂಡಿಸಬಾರದು. ನೊಣಗಳು ವಿಷದ ಹೂಗಳಿಂದಲೂ ರಸವನ್ನು ತರುತ್ತವೆ ಎಂಬುದು ಕಾಯಿಸುವುದರ ನಿಷೇಧಕ್ಕೆ ಕೊಟ್ಟ ಕಾರಣ. ಜೇನಿನ ಅಜೀರ್ಣದಿಂದ ಹುಟ್ಟುವ ಆಮದಷ್ಟು ಕಷ್ಟತಮವಾದುದು ಬೇರೊಂದಿಲ್ಲವೆಂದು ಚರಕನು ಹೇಳುತ್ತಾನೆ. ಚ್ಯವನಪ್ರಾಶದ ಪಾಕವು ತಣ್ಣಗಾದ ಮೇಲೆಯೇ ಜೇನನ್ನು ಸೇರಿಸುವ ಕ್ರಮವು ಇದರಿಂದ ಬಂದುದು. ಕುದಿಯುವ ಹಾಲಿಗೆ ಜೇನು ಸುರಿದು ಕುಡಿಯುವ ಈಗಿನ ರೂಢಿಗೆ ಪ್ರಾಚೀನರ ಸಮ್ಮತಿಯಿಲ್ಲ.

ಜೈನಾಚಾರ್ಯರ ಆಕ್ಷೇಪವು ಬೇರೆ ನೆಲೆಯದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವು ಐದು ಅಣುವ್ರತಗಳೊಡನೆ ಸೇರಿ ಗೃಹಸ್ಥನ ಎಂಟು ಮೂಲಗುಣಗಳಾಗುತ್ತದೆ. ಹಳೆಯ ಕಾಲದ ಜೇನು ಇಳಿಸುವ ವಿಧಾನವನ್ನು ಬಲ್ಲವರಿಗೆ ಇದರ ಅರ್ಥ ಹೊಳೆಯುತ್ತದೆ. ಹೆಜ್ಜೇನಿನ ಹುಟ್ಟಿಗೆ ಪಂಜು ಹಿಡಿದು, ಹೊಗೆಯಿಕ್ಕಿ, ನೊಣಗಳನ್ನು ಸುಟ್ಟು ಚದುರಿಸಿ, ಮರಿಹುಳುಗಳಿರುವ ಎರಿಯನ್ನೇ ಹಿಂಡಿ ತೆಗೆದ ರಸವದು. ಆದರೆ ಆಚಾರ್ಯರು ಅಷ್ಟಕ್ಕೇ ನಿಲ್ಲಲಿಲ್ಲ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಾನಾಗಿಯೇ ತೊಟ್ಟಿಕ್ಕಿದ ಜೇನಿನ ಪ್ರಶ್ನೆಯನ್ನೂ ಎತ್ತುತ್ತಾರೆ. ಅದನ್ನು ಸ್ವೀಕರಿಸಿದರೂ, ಅದರ ಆಶ್ರಯದಲ್ಲಿರುವ ಜೀವಿಗಳ ಘಾತದಿಂದ ಹಿಂಸೆಯುಂಟೆಂಬುದು ಅವರ ನಿರ್ಣಯ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಔಷಧಕ್ಕೆಂದು ಸೇವಿಸಿದ ಜೇನನ್ನೂ ನಿಷೇಧಿಸಿದರು. ವೈದ್ಯನಿಗೆ ನಿಜವಾದ ಇಕ್ಕಟ್ಟು ಹುಟ್ಟುವುದು ಇಲ್ಲಿ. ರುಚಿಗಾಗಿ ತಿನ್ನುವುದನ್ನು ಬಿಡುವುದು ಸುಲಭ. ಕೆಮ್ಮಿನಿಂದ ಬಳಲುವ ರೋಗಿಗೆ ಶಾಸ್ತ್ರೋಕ್ತವಾದ ಅನುಪಾನವನ್ನು ನಿರಾಕರಿಸಬೇಕಾದರೆ ಬದಲಿಗೆ ಏನನ್ನಾದರೂ ಕೊಡಲೇಬೇಕು.

ಈ ಹೊಣೆಯನ್ನು ಹೊತ್ತವನು ಉಗ್ರಾದಿತ್ಯ. ಶ್ರೀನಂದಿಯ ಶಿಷ್ಯನಾದ ಈತನು ಒಂಬತ್ತನೆಯ ಶತಮಾನದಲ್ಲಿ ರಾಮಗಿರಿಯಲ್ಲಿದ್ದು ಕಲ್ಯಾಣಕಾರಕವನ್ನು ಸಂಸ್ಕೃತದಲ್ಲಿ ರಚಿಸಿದನು. ಗ್ರಂಥದ ಕೊನೆಯ ಹಿತಾಹಿತಾಧ್ಯಾಯವು ನೃಪತುಂಗವಲ್ಲಭನ ಆಸ್ಥಾನದಲ್ಲಿ ವೈದ್ಯರ ಮುಂದೆ ಮಾಂಸಾಹಾರದ ನಿಷ್ಫಲತೆಯನ್ನು ವಾದಿಸಿದ ಪ್ರಕರಣ. ಈ ನೃಪತುಂಗನು ರಾಷ್ಟ್ರಕೂಟ ಅಮೋಘವರ್ಷನೆಂದು ವಿದ್ವಾಂಸರು ಗುರುತಿಸಿದ್ದಾರೆ. ಉಗ್ರಾದಿತ್ಯನು ತನಗೆ ಮೊದಲಿನ ಜೈನ ವೈದ್ಯಾಚಾರ್ಯರ ಪಟ್ಟಿಯನ್ನೂ ಕೊಡುತ್ತಾನೆ: ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯಕ್ಕೆ ಪಾತ್ರಸ್ವಾಮಿ, ವಿಷಚಿಕಿತ್ಸೆಗೆ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥಗುರು, ಬಾಲರೋಗಗಳಿಗೆ ಮೇಘನಾದ, ಎಂಟೂ ಅಂಗಗಳನ್ನು ವಿಸ್ತರಿಸಿದವನು ಸಮಂತಭದ್ರ. ಇವರ ಆ ಗ್ರಂಥಗಳು ನಮಗೆ ಉಳಿದು ಬಂದಿಲ್ಲ. ಉಗ್ರಾದಿತ್ಯನ ಕೃತಿಯೂ ಬಹುಕಾಲ ತಾಳೆಗರಿಗಳಲ್ಲಿಯೇ ಇದ್ದು, 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದೀ ಅನುವಾದದೊಡನೆ ಸೊಲ್ಲಾಪುರದಿಂದ ಅಚ್ಚಾಯಿತು.

ಪ್ರಾಣಾವಾಯವೆಂದು ಕರೆಯುವ ಈ ಜೈನ ವೈದ್ಯಪರಂಪರೆಯು ತ್ರಿಮಕಾರಗಳನ್ನು ಬಿಟ್ಟು ಚಿಕಿತ್ಸೆಯನ್ನು ಕಟ್ಟಿದುದು ಭಾರತೀಯ ವೈದ್ಯದಲ್ಲಿ ಒಂದು ಅಪೂರ್ವ ಸಾಹಸ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದು ಕರ್ಣಾಟಕ ಕಲ್ಯಾಣಕಾರಕವೆಂದು ಹೆಸರಿಟ್ಟನು. ಮದ್ಯಮಾಂಸಗಳನ್ನು ಸೋಂಕದ ಚಿಕಿತ್ಸೆಯೇ ಅದರ ವೈಶಿಷ್ಟ್ಯವೆಂದು ಸಾಹಿತ್ಯ ಚರಿತ್ರಕಾರರು ಗುರುತಿಸಿದ್ದಾರೆ. ಪುಲಿಗೆರೆ, ಅಣ್ಣಿಗೇರಿಗಳ ಬಸದಿಗಳ ನಾಡಿನಲ್ಲಿ ಇಂತಹ ವೈದ್ಯಕ್ಕೆ ಬೇಡಿಕೆಯಿದ್ದುದು ಸಹಜವೇ ಆಗಿದೆ.

ಜೇನಿನ ಬದಲಿಗೆ ಬಂದವು ಬೆಲ್ಲ, ಸಕ್ಕರೆ, ತುಪ್ಪಗಳು. ಇದನ್ನು ಕೇವಲ ಧಾರ್ಮಿಕ ಹೊಂದಾಣಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಜೇನನ್ನು ಕಾಯಿಸುವಂತಿಲ್ಲ, ಸಕ್ಕರೆಪಾಕವನ್ನು ಕಾಯಿಸಬಹುದು. ಆದುದರಿಂದ ಮೂಲಿಕೆಯ ಕಷಾಯವನ್ನು ಪಾಕದಲ್ಲಿಯೇ ಕುದಿಸಿ, ನೀರಿನಂಶವನ್ನು ಎಳೆಪಾಕದವರೆಗೆ ಇಂಗಿಸಿ, ಕೆಡದ ಲೇಹ್ಯವನ್ನು ಮಾಡಲು ಸಾಧ್ಯವಾಯಿತು. ಹಸಿಮೂಲಿಕೆಯನ್ನು ಜೇನಿನಲ್ಲಿ ನೆನೆಸುವ ಈಗಿನ ಪದ್ಧತಿಯ ದೌರ್ಬಲ್ಯವು ಇಲ್ಲಿಯೇ ಇದೆ. ಜೇನು ಕೆಡದಿರುವುದು ಅದರಲ್ಲಿ ನೀರು ಕಡಿಮೆ ಇರುವುದರಿಂದ; ಆಹಾರದ ಮಾನದಂಡಗಳು ಶೇಕಡ 20ಕ್ಕಿಂತ ಹೆಚ್ಚಿನ ತೇವಾಂಶವನ್ನು ಒಪ್ಪುವುದಿಲ್ಲ. ಹಸಿಶುಂಠಿ, ಬೆಳ್ಳುಳ್ಳಿ, ತುಳಸಿಯ ಎಲೆಗಳು ತಮ್ಮ ನೀರನ್ನು ಅದಕ್ಕೆ ಬಿಟ್ಟಾಗ ಹುಳಿಯುವಿಕೆಯು ಮೊದಲಾಗುತ್ತದೆ. ಒಣಗಿಸಿದ ಮೂಲಿಕೆಯ ಪುಡಿಯನ್ನು ಸೇವಿಸುವ ಹೊತ್ತಿಗೆ ಜೇನಿನೊಡನೆ ಕಲಸುವ ಹಳೆಯ ಕ್ರಮದಲ್ಲಿ ಈ ತೊಡಕಿಲ್ಲ.

ಜೇನಿನ ಗುಣವನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ. ಸಾಮಾನ್ಯವಾದ ಕೆಮ್ಮಿಗೆ ಜೇನನ್ನು ಮೊದಲು ಪ್ರಯತ್ನಿಸಬಹುದೆಂದು ಇಂಗ್ಲೆಂಡಿನ ಆರೋಗ್ಯ ಮಾರ್ಗದರ್ಶಿಯೇ 2018ರಲ್ಲಿ ಹೇಳಿತು. ಅದರ ಆಮ್ಲತೆ, ಅದರಲ್ಲಿ ಹುಟ್ಟುವ ಹೈಡ್ರೊಜನ್ ಪೆರಾಕ್ಸೈಡ್ ರೋಗಾಣುಗಳನ್ನು ತಡೆಯುತ್ತವೆ. ಬೆಲ್ಲಕ್ಕೆ ಈ ಶಕ್ತಿಯಿಲ್ಲ. ಜೈನರು ಜೇನನ್ನು ಬಿಟ್ಟುದು ಅದು ನಿಷ್ಪ್ರಯೋಜಕವೆಂದಲ್ಲ, ಪ್ರಯೋಜನವಿದ್ದರೂ ಬಿಟ್ಟರು. ಈ ವ್ಯತ್ಯಾಸವನ್ನು ಮರೆತು, ಜೇನು ವಿಷವೆಂದು ಸಾಧಿಸಹೊರಡುವ ಉತ್ಸಾಹಿಗಳು ವ್ರತದ ಮಹತ್ತ್ವವನ್ನೇ ಕುಗ್ಗಿಸುತ್ತಾರೆ.

ಒಂದು ಅಪಾಯವನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಹುಟ್ಟಿದ ಮಗುವಿನ ನಾಲಗೆಗೆ ಜೇನು ತಾಗಿಸುವ ವಾಡಿಕೆಯು ನಮ್ಮ ಅನೇಕ ಮನೆಗಳಲ್ಲಿದೆ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ರೋಗಾಣುವಿನ ಬೀಜಕಗಳಿರಬಹುದು. ಬೆಳೆದವರ ಕರುಳಿನಲ್ಲಿ ಅವು ಸಾಮಾನ್ಯವಾಗಿ ಮೊಳೆಯುವುದಿಲ್ಲ. ಶಿಶುವಿನ ಕರುಳಿನಲ್ಲಿ ಮೊಳೆತು ವಿಷವನ್ನು ಸ್ರವಿಸಿ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸಬಲ್ಲವು. 1976ರಲ್ಲಿ ಶಿಶುಗಳ ಈ ರೋಗವು ಮೊದಲು ಗುರುತಿಸಲ್ಪಟ್ಟಿತು. ಮನೆಯಲ್ಲಿ ಕಾಯಿಸಿದರೂ ಬೀಜಕಗಳು ಸಾಯುವುದಿಲ್ಲ. ವರ್ಷ ತುಂಬದ ಮಗುವಿಗೆ ಮೂಲಿಕೆ ಸೇರಿಸಿದ, ಸೇರಿಸದ ಯಾವ ಜೇನೂ ಸಲ್ಲದು. ಮಧುಮೇಹಿಗಳಿಗೆ ಜೇನು ಸಕ್ಕರೆಯಷ್ಟೇ ಎಚ್ಚರದ ವಸ್ತು.

ಇನ್ನು ಗಾಂಧೀವಾದಿಯ ಪೆಟ್ಟಿಗೆಜೇನು. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಚಲಿಸುವ ಚೌಕಟ್ಟಿನ ಪೆಟ್ಟಿಗೆಯನ್ನು ರೂಪಿಸಿದನು. 1865ರಲ್ಲಿ ಹ್ರುಷ್ಕನು ಎರಿಯನ್ನು ಹಿಂಡದೆ ತಿರುಗಿಸಿ ಜೇನು ತೆಗೆಯುವ ಯಂತ್ರವನ್ನು ಕಂಡುಹಿಡಿದನು. ಕೊಡಗಿನಲ್ಲಿ, ಉತ್ತರ ಕನ್ನಡದಲ್ಲಿ ತುಡುವೆ ಜೇನನ್ನು ಪೆಟ್ಟಿಗೆಯಲ್ಲಿ ಸಾಕಿದವರು ಪಂಜಿನ ಹಿಂಸೆಯನ್ನು ನಿಲ್ಲಿಸಿದರೆಂಬುದು ನಿಜ. ಹಾಗಾದರೆ ಮಧುತ್ಯಾಗದ ಕಾರಣವು ಹೋಯಿತೆ? ಕೊಂದು ತೆಗೆಯುವ ಹಿಂಸೆಯೊಂದೇ ಕಾರಣವಾಗಿದ್ದರೆ ಹೋಗುತ್ತಿತ್ತು. ತಾನಾಗಿ ತೊಟ್ಟಿಕ್ಕಿದ ಜೇನಿಗೂ ಅಮೃತಚಂದ್ರರು ವಿನಾಯಿತಿ ಕೊಡದಿದ್ದುದರಿಂದ, ಪೆಟ್ಟಿಗೆಯ ಜೇನಿಗೆ ಉತ್ತರವು ಸಾವಿರ ವರ್ಷ ಮೊದಲೇ ಸಿದ್ಧವಾಗಿತ್ತು. ಅವರು ಹೇಳಿದ ಜೀವಿಗಳೇ ಇಂದಿನ ಬೀಜಕಗಳೆಂದು ಸಮೀಕರಿಸುವುದು ಇತಿಹಾಸವಾಗುವುದಿಲ್ಲ. ಅವರ ಮಾತು ಜೀವದಯೆಯದು, ರೋಗಾಣುಶಾಸ್ತ್ರದ್ದಲ್ಲ.

ವ್ರತಿಯಾದ ರೋಗಿಯು ಈಗಲೂ ಸಿತೋಪಲಾದಿ ಚೂರ್ಣವನ್ನು ತುಪ್ಪದಲ್ಲಿ ಕಲಸಿ ಸೇವಿಸಬಹುದು. ಜೇನು ತುಪ್ಪಗಳೆರಡನ್ನೂ ಕೂಡಿಸಿ ನೆಕ್ಕಬೇಕೆಂಬುದು ಮೂಲದ ವಿಧಿ. ಆದರೆ ಆ ಯೋಗದಲ್ಲಿ ಕಲ್ಲುಸಕ್ಕರೆ 16 ಭಾಗ, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಜೇನನ್ನು ಬಿಟ್ಟರೂ 31ರಲ್ಲಿ 16 ಭಾಗ ಸಿಹಿಯು ಅದರೊಳಗೇ ಇದೆ.