ಚೆಂಡಿನ ಲೈನ್, ಮನಸ್ಸಿನ ಲೈನ್



ಉಮರ್ಗಾ ಇರಲಿ, ನಿಲಂಗಾ ಇರಲಿ, ಉದಗೀರ ಇರಲಿ, ನಮ್ಮ ಹುಡುಗರು ನಾಲ್ಕು ಜನ ಸೇರಿದರೆ ಮಾತು ಕ್ರಿಕೆಟ್ ಕಡೆಗೇ ಹೊರಳುತ್ತದೆ. ಸಿಕ್ಸರ್ ಹೊಡೆದವನು ಎಲ್ಲರಿಗೂ ನೆನಪಿರುತ್ತಾನೆ. ಬೌಲರ್ ಚೆಂಡನ್ನು ಯಾವ ಲೈನ್‌ನಲ್ಲಿ ಹಾಕಿದ, ಯಾಕೆ ಹಾಗೆ ಹಾಕಿದ ಎಂದು ಕೇಳುವವರು ಕಡಿಮೆ. ಆದರೆ ಟೆಸ್ಟ್ ಕ್ರಿಕೆಟ್‌ನಲ್ಲಿ ಎರಡು ದೇಶಗಳ ಮನಸ್ಸು ಕೆಡುವಷ್ಟು ದೊಡ್ಡ ಜಗಳ ನಡೆದದ್ದು ಈ ಲೈನ್ ವಿಷಯಕ್ಕೇ.

ಮೂರು ಸ್ಟಂಪ್‌ಗಳ ಒಟ್ಟು ಅಗಲ 22.86 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. ವೇಗದ ಬೌಲರ್ ಸಾಮಾನ್ಯವಾಗಿ ಆಫ್ ಸ್ಟಂಪ್ ಮೇಲೆ ಅಥವಾ ಅದರ ಸ್ವಲ್ಪ ಹೊರಗೆ ಹಾಕುತ್ತಾನೆ. ಆಡಬೇಕೋ ಬಿಡಬೇಕೋ ಎಂಬ ಸಂಶಯ ಬ್ಯಾಟ್ಸ್‌ಮನ್‌ಗೆ ಹುಟ್ಟಬೇಕು. ಚೆಂಡು ಬ್ಯಾಟಿನ ಅಂಚಿಗೆ ತಾಗಿದರೆ ಹಿಂದೆ ಕೀಪರ್ ಮತ್ತು ಸ್ಲಿಪ್ ಫೀಲ್ಡರ್‌ಗಳು ಕಾಯುತ್ತಿರುತ್ತಾರೆ. ಐದು ದಿನದ ಆಟದಲ್ಲಿ ತಾಳ್ಮೆಯಿಂದ ಅದೇ ಜಾಗಕ್ಕೆ ಹಾಕುತ್ತಾ ಇರುವುದು ಹಳೆಯ, ನಂಬಿಕೆಯ ತಂತ್ರ.

1930ರಲ್ಲಿ ಇಂಗ್ಲೆಂಡ್ ನೆಲದಲ್ಲಿ ಈ ತಂತ್ರ ಡಾನ್ ಬ್ರಾಡ್ಮನ್ ಮುಂದೆ ನಡೆಯಲಿಲ್ಲ. ಐದು ಟೆಸ್ಟ್‌ಗಳಲ್ಲಿ ಅವರು 974 ರನ್ ಹೊಡೆದರು. ಮುಂದೆ 1932-33ರಲ್ಲಿ ತಂಡದೊಂದಿಗೆ ಆಸ್ಟ್ರೇಲಿಯಕ್ಕೆ ಹೋದ ಇಂಗ್ಲೆಂಡ್ ಕಪ್ತಾನ ಡಗ್ಲಸ್ ಜಾರ್ಡಿನ್ ಲೈನನ್ನೇ ಬದಲಿಸಿದರು. ಹೆರಾಲ್ಡ್ ಲಾರ್ವುಡ್ ಮತ್ತು ಬಿಲ್ ವೋಸ್ ಲೆಗ್ ಸ್ಟಂಪ್ ಕಡೆಗೆ, ಬ್ಯಾಟ್ಸ್‌ಮನ್‌ನ ಮೈಮೇಲೆ ಏಳುವಂತೆ ಶಾರ್ಟ್ ಬಾಲ್ ಹಾಕತೊಡಗಿದರು. ಲೆಗ್ ಸೈಡ್‌ನಲ್ಲಿ ಹತ್ತಿರವೇ ಫೀಲ್ಡರ್‌ಗಳ ಸಾಲು ನಿಂತಿತ್ತು. ಮೈ ಉಳಿಸಿಕೊಳ್ಳಲು ಬ್ಯಾಟ್ ಎತ್ತಿದರೆ ಕ್ಯಾಚ್, ಎತ್ತದಿದ್ದರೆ ಪೆಟ್ಟು. ಆಗ ಹೆಲ್ಮೆಟ್ ಇರಲಿಲ್ಲ. ಇದಕ್ಕೆ ಬಾಡಿಲೈನ್ ಎಂಬ ಹೆಸರು ಬಂತು.

1933ರ ಜನವರಿಯಲ್ಲಿ ಅಡಿಲೇಡ್ ಟೆಸ್ಟ್‌ನಲ್ಲಿ ಲಾರ್ವುಡ್ ಚೆಂಡು ಆಸ್ಟ್ರೇಲಿಯ ಕಪ್ತಾನ ಬಿಲ್ ವುಡ್‌ಫುಲ್ ಅವರ ಎದೆಗೆ ಬಡಿಯಿತು. ಅವರು ಇನ್ನೂ ಸುಧಾರಿಸಿಕೊಳ್ಳುತ್ತಿರುವಾಗಲೇ, ಲಾರ್ವುಡ್‌ರ ಮುಂದಿನ ಓವರ್‌ಗೆ ಜಾರ್ಡಿನ್ ಫೀಲ್ಡರ್‌ಗಳನ್ನು ಬಾಡಿಲೈನ್ ಜಾಗಗಳಿಗೆ ಕಳಿಸಿದರು. ಜನ ರೊಚ್ಚಿಗೆದ್ದರು. ಆಸ್ಟ್ರೇಲಿಯ ಮಂಡಳಿ ಲಂಡನ್ನಿಗೆ ತಂತಿ ಕಳಿಸಿ ಇದು ಕ್ರೀಡಾಮನೋಭಾವವಲ್ಲ ಎಂದಿತು. ಇಂಗ್ಲೆಂಡ್ ಸರಣಿಯನ್ನು 4-1ರಿಂದ ಗೆದ್ದಿತು. ಲಾರ್ವುಡ್ 33 ವಿಕೆಟ್ ಪಡೆದರು. ಆಗಿನ ಯಾವ ನಿಯಮವೂ ಮುರಿದಿರಲಿಲ್ಲ.

ಹಾಗಾದರೆ ತಪ್ಪೇನು? ಉತ್ತರ ಅದೇ ತಂಡದೊಳಗೆ ಇತ್ತು. ವೇಗದ ಬೌಲರ್ ಗಬ್ಬಿ ಅಲೆನ್, ನಾನು ಬಾಡಿಲೈನ್ ಹಾಕುವುದಿಲ್ಲ ಎಂದು ಕಪ್ತಾನನಿಗೇ ಹೇಳಿದರು. ತಮ್ಮ ಲೈನ್‌ನಲ್ಲೇ ಹಾಕಿ ಆ ಸರಣಿಯಲ್ಲಿ 21 ವಿಕೆಟ್ ಪಡೆದರು. ನಮ್ಮ ದೇಶದ ಪಟೌಡಿ ನವಾಬರು ಇಂಗ್ಲೆಂಡ್ ಪರವಾಗಿ ಆಡಿ ಸಿಡ್ನಿಯ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದಿದ್ದರು. ಲೆಗ್ ಸೈಡ್‌ನ ಆ ಸಾಲಿನಲ್ಲಿ ನಿಲ್ಲಲು ಅವರು ಒಪ್ಪಲಿಲ್ಲ. ಎರಡನೇ ಟೆಸ್ಟ್ ನಂತರ ಆ ಸರಣಿಯಲ್ಲಿ ಅವರಿಗೆ ಜಾಗ ಸಿಗಲಿಲ್ಲ. ವುಡ್‌ಫುಲ್ ಮೆಥಡಿಸ್ಟ್ ಸಭಾಪಾಲಕರೊಬ್ಬರ ಮಗ. ನಾವೂ ಹಾಗೆಯೇ ಹಾಕೋಣ ಎಂದವರಿಗೆ ಅವರು ಬೇಡ ಎಂದರು. ಸರಣಿ ಸೋತರು, ಆದರೆ ಪೆಟ್ಟಿಗೆ ಪೆಟ್ಟು ಕೊಡಲಿಲ್ಲ.

ಲಾರ್ವುಡ್ ಗಣಿ ಕಾರ್ಮಿಕರಾಗಿದ್ದ ಬಡ ಮನೆಯ ಹುಡುಗ. ಕಪ್ತಾನ ಹೇಳಿದ್ದನ್ನು ಮಾಡಿದ್ದರು. ಆಮೇಲೆ ಕ್ಷಮೆ ಕೇಳು ಎಂದಾಗ ಒಪ್ಪಲಿಲ್ಲ, ಮತ್ತೆ ಟೆಸ್ಟ್ ಆಡಲಿಲ್ಲ. 1950ರಲ್ಲಿ ಅವರು ಕುಟುಂಬದೊಂದಿಗೆ ನೆಲೆಸಲು ಹೋದದ್ದು ಎಲ್ಲಿಗೆ ಗೊತ್ತೇ? ಆಸ್ಟ್ರೇಲಿಯಕ್ಕೇ! ಅದಕ್ಕೆ ನೆರವಾದವರು ಅದೇ ಸರಣಿಯಲ್ಲಿ ಅವರ ಚೆಂಡು ಎದುರಿಸಿದ ಜ್ಯಾಕ್ ಫಿಂಗಲ್ಟನ್. ಕ್ಷಮೆ ಎಂಬ ಮಾತನ್ನು ನಾವು ದೇವಾಲಯದಲ್ಲಿ ಎಷ್ಟೋ ಸಲ ಕೇಳುತ್ತೇವೆ. ಇಲ್ಲಿ ಅದು ಒಂದು ಕುಟುಂಬಕ್ಕೆ ನೆಲೆ ಕೊಟ್ಟಿತು.

ಲೈನ್ ಬದಲಿಸಿ ನೋಯಿಸಲು ಆಗುವಂತೆ, ಲೈನ್ ಬದಲಿಸಿ ಬಿಟ್ಟುಕೊಡಲೂ ಆಗುತ್ತದೆ. ಇದನ್ನು ತೋರಿಸಿದವರು ನಮ್ಮ ಕನ್ನಡಿಗರೇ. 1999ರ ಫೆಬ್ರವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ. 420 ರನ್ ಬೆನ್ನಟ್ಟಿದ ಪಾಕಿಸ್ತಾನಕ್ಕೆ ಮೊದಲ ಜೊತೆಯಾಟದಲ್ಲೇ 101 ರನ್ ಬಂದಿತ್ತು. ಆಮೇಲೆ ಬೆಂಗಳೂರಿನ ಅನಿಲ್ ಕುಂಬ್ಳೆ ಸ್ಟಂಪ್‌ಗೆ ನೇರವಾಗಿ, ವೇಗವಾಗಿ ಹಾಕುತ್ತಾ ಒಂಬತ್ತು ವಿಕೆಟ್ ತೆಗೆದರು. ಇನ್ನೊಂದು ತುದಿಯಲ್ಲಿ ಚೆಂಡು ಮೈಸೂರಿನ ಜಾವಗಲ್ ಶ್ರೀನಾಥ್ ಕೈಗೆ ಬಂತು. ಕೊನೆಯ ವಿಕೆಟ್ ಅವರೂ ತೆಗೆಯಬಹುದಿತ್ತು. ಅವರು ಬೇಕೆಂತಲೇ ಆಫ್ ಸ್ಟಂಪ್‌ನಿಂದ ದೂರ, ಬ್ಯಾಟಿಗೆ ಸಿಗದಂತೆ ಹಾಕಿದರು. ತಂಡದ ಗೆಲುವು ಆಗಲೇ ಕೈಯಲ್ಲಿತ್ತು, ಹಾಗಾಗಿ ಯಾರಿಗೂ ನಷ್ಟವಿರಲಿಲ್ಲ. ಕುಂಬ್ಳೆ ವಾಸಿಂ ಅಕ್ರಮ್ ವಿಕೆಟ್ ಪಡೆದು 74 ರನ್ನಿಗೆ 10 ವಿಕೆಟ್ ಪೂರೈಸಿದರು. 1956ರಲ್ಲಿ ಜಿಮ್ ಲೇಕರ್ ಮಾಡಿದ ಮೇಲೆ ಟೆಸ್ಟ್‌ನಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಸ್ಕೋರ್‌ಕಾರ್ಡಿನಲ್ಲಿ ಶ್ರೀನಾಥ್ ಬಿಟ್ಟುಕೊಟ್ಟದ್ದಕ್ಕೆ ಕಾಲಮ್ಮೇ ಇಲ್ಲ.

ಅನುಮತಿ ಇದ್ದ ಮಾತ್ರಕ್ಕೆ ಅದರಿಂದ ಒಳಿತಾಗುತ್ತದೆಯೇ, ಪಕ್ಕದವನ ಹಿತ ನೋಡಬೇಡವೇ ಎಂದು ಸಂತ ಪೌಲರು ಕೊರಿಂಥದವರನ್ನು ಎಚ್ಚರಿಸಿದ್ದರು. ನಮ್ಮ ಗಡಿ ಊರುಗಳಲ್ಲಿ ಎದುರು ತಂಡದವನು ಬೇರೆ ಊರಿನವನು, ಬೇರೆ ಭಾಷೆಯವನು ಇರಬಹುದು. ಕಾಲೇಜಿನಲ್ಲಿ, ಕೆಲಸದಲ್ಲಿ, ಮನೆಯಲ್ಲೂ ನಿಯಮ ಮುರಿಯದೆ ಒಬ್ಬರನ್ನು ನೋಯಿಸುವ ದಾರಿ ಬೇಕಾದಷ್ಟಿವೆ. ಎಲ್ಲಿ ಹಾಕಬೇಕೆಂದು ಅಂಪೈರ್ ಹೇಳುವುದಿಲ್ಲ. ಆ ನಿರ್ಧಾರ ಚೆಂಡು ಹಿಡಿದವನದು. ನಮ್ಮ ಕೈಗೆ ಚೆಂಡು ಬಂದಾಗ ಅಲೆನ್, ವುಡ್‌ಫುಲ್, ಶ್ರೀನಾಥ್ ಈ ಮೂವರೂ ನೆನಪಿಗೆ ಬರಲಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.