ರಿಂಗಿಗಿಳಿದ ಹುಡುಗಿಯರು, ಕೈಗಡದ ಸಿನಿಮಾಗಳು

1990ರ ದಶಕದ ಕೊನೆಯ ವರ್ಷಗಳಲ್ಲಿ ಕೇರಿನ್ ಕುಸಾಮಾ ಎಂಬ ಹೊಸ ನಿರ್ದೇಶಕಿ ಒಂದು ಚಿತ್ರಕಥೆ ಹಿಡಿದು ನಿರ್ಮಾಪಕರ ಬಾಗಿಲು ತಟ್ಟುತ್ತಿದ್ದರು. ಕಥೆ ನಡೆಯುವುದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬಡವರಿಗೆಂದು ಸರ್ಕಾರ ಕಟ್ಟಿಸಿದ ವಠಾರದಂಥ ಮನೆಗಳಲ್ಲಿ ಬೆಳೆದ, ಶಾಲೆಯಲ್ಲಿ ಮಾತೆತ್ತಿದರೆ ಕೈಮಾಡುವ ಲ್ಯಾಟಿನ್ ಅಮೆರಿಕನ್ ಮೂಲದ ಹುಡುಗಿಯೊಬ್ಬಳು ಬಾಕ್ಸಿಂಗ್ ಕಲಿಯುತ್ತಾಳೆ. ನಾಯಕಿಯನ್ನು ಬಿಳಿಯ ಹುಡುಗಿಯಾಗಿ ಬದಲಾಯಿಸಬಾರದೇ ಎಂದು ಕೇಳಿದವರುಂಟು. ಕುಸಾಮಾ ಒಪ್ಪಲಿಲ್ಲ. ಕೊನೆಗೂ ಹಣ ಹೊಂದಿಕೆಯಾಯಿತು ಎನ್ನುವಷ್ಟರಲ್ಲಿ, ಚಿತ್ರೀಕರಣದ ಸಿದ್ಧತೆ ಶುರುವಾಗುವ ಹೊತ್ತಿಗೆ ಬಂಡವಾಳ ಹಾಕುವವರು ಹಿಂದೆ ಸರಿದರು. ಆಗ ಕೈಹಿಡಿದವರು ಅಮೆರಿಕದ ಸ್ವತಂತ್ರ ಸಿನಿಮಾದ ಹಿರಿಯ ನಿರ್ದೇಶಕ ಜಾನ್ ಸೇಲ್ಸ್. ಕುಸಾಮಾ ಹಿಂದೆ ಸೇಲ್ಸ್ ಬಳಿ ಸಹಾಯಕಿಯಾಗಿ ದುಡಿದಿದ್ದರು. ಸೇಲ್ಸ್ ಸ್ವಂತ ದುಡ್ಡು ಹಾಕಿದರು, ಇಂಡಿಪೆಂಡೆಂಟ್ ಫಿಲ್ಮ್ ಚಾನೆಲ್ ಜೊತೆಗೂಡಿತು. ಸುಮಾರು 10 ಲಕ್ಷ ಡಾಲರಿನಲ್ಲಿ ‘ಗರ್ಲ್‌ಫೈಟ್’ ತಯಾರಾಯಿತು. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು.

ಕೈಯಲ್ಲಿ ಕಾಸಿಲ್ಲದ ಹೊಸ ನಿರ್ದೇಶಕರು ಬಾಕ್ಸಿಂಗ್ ಕಡೆಗೆ ತಿರುಗಿದ್ದು ಅದೇ ಮೊದಲಲ್ಲ. ಅದಕ್ಕೆ ಕಾರಣವೂ ಇದೆ. ಆಡುವವರು ಇಬ್ಬರೇ. ನಾಲ್ಕು ಹಗ್ಗಗಳ ನಡುವಿನ ಚೌಕವೇ ರಂಗಸ್ಥಳ, ನೆತ್ತಿಯ ಮೇಲಿನ ದೀಪವೇ ಬೆಳಕು. ಹಗ್ಗದಾಚೆ ಕತ್ತಲಿದ್ದರೆ ಸಾಕು, ಪ್ರೇಕ್ಷಕರ ಜಾತ್ರೆಯನ್ನು ತೋರಿಸಬೇಕಿಲ್ಲ. ಜಿಮ್‌ಗಳಲ್ಲಿ ಬೆವರುವವರು ಬಡವರ ಮಕ್ಕಳು. ಅವರ ಮುಖದಲ್ಲೇ ಕಥೆ ಇರುತ್ತದೆ.

ಸ್ಟಾನ್ಲಿ ಕುಬ್ರಿಕ್ ಶುರುಮಾಡಿದ್ದೂ ಇಲ್ಲಿಂದಲೇ. ‘ಲುಕ್’ ಪತ್ರಿಕೆಯ ಯುವ ಛಾಯಾಗ್ರಾಹಕರಾಗಿದ್ದ ಅವರು 1949ರಲ್ಲಿ ವಾಲ್ಟರ್ ಕಾರ್ಟಿಯರ್ ಎಂಬ ಮಿಡ್ಲ್‌ವೇಟ್ ಬಾಕ್ಸರನ ಚಿತ್ರಗಳನ್ನು ಪ್ರಕಟಿಸಿದ್ದರು. ಮರುವರ್ಷ ಅದೇ ಕಾರ್ಟಿಯರನನ್ನು ಪಂದ್ಯದ ದಿನ ಬೆಳಗಿನಿಂದ ರಾತ್ರಿಯವರೆಗೆ ಹಿಂಬಾಲಿಸಿ ‘ಡೇ ಆಫ್ ದಿ ಫೈಟ್’ ಎಂಬ ಕಿರು ಸಾಕ್ಷ್ಯಚಿತ್ರ ತೆಗೆದರು. ಹೊಡೆದಾಟ ಬರುವುದು ಕೊನೆಗೆ. ಅದಕ್ಕೂ ಮೊದಲು ಅವಳಿ ಸೋದರನ ಜೊತೆ ತಿಂಡಿ, ಚರ್ಚಿನಲ್ಲಿ ಪ್ರಾರ್ಥನೆ, ತೂಕದ ತಪಾಸಣೆ, ಆಮೇಲೆ ಮುಗಿಯದ ಕಾಯುವಿಕೆ. ಒಂದು ಕ್ಷಣ ಕಾರ್ಟಿಯರ್ ಕನ್ನಡಿಯ ಮುಂದೆ ನಿಂತು ತನ್ನ ಮೂಗನ್ನು ಮುಟ್ಟಿ ನೋಡಿಕೊಳ್ಳುತ್ತಾನೆ, ರಾತ್ರಿ ಅದು ಹೀಗೇ ಉಳಿದಿರುತ್ತದೋ ಇಲ್ಲವೋ ಎಂಬಂತೆ. ಚಿತ್ರಕ್ಕೆ 3,900 ಡಾಲರ್ ಖರ್ಚಾಗಿ 4,000 ಡಾಲರಿಗೆ ಮಾರಾಟವಾಯಿತೆಂದು ಹೇಳುತ್ತಾರೆ. ಆ ನೂರು ಡಾಲರಿನ ಧೈರ್ಯದ ಮೇಲೆ ಕುಬ್ರಿಕ್ ಪತ್ರಿಕೆಯ ಕೆಲಸ ಬಿಟ್ಟರು. ಮುಂದೆ 1955ರಲ್ಲಿ ತೆಗೆದ ‘ಕಿಲ್ಲರ್ಸ್ ಕಿಸ್’ ಚಿತ್ರದಲ್ಲೂ ನಾಯಕ ಬಾಕ್ಸರನೇ. ಅದಕ್ಕೆ ದುಡ್ಡು ಕೊಟ್ಟವರಲ್ಲಿ ಬ್ರಾಂಕ್ಸ್‌ನ ಔಷಧಿ ಅಂಗಡಿಯವರೊಬ್ಬರಿದ್ದರು.

1976ರ ‘ರಾಕಿ’ಯನ್ನು ಪೂರ್ತಿ ಸ್ವತಂತ್ರ ಸಿನಿಮಾ ಎನ್ನಲಾಗದು, ಹಿಂದೆ ಯುನೈಟೆಡ್ ಆರ್ಟಿಸ್ಟ್ಸ್ ಇತ್ತು. ಆದರೂ ಸುಮಾರು 10 ಲಕ್ಷ ಡಾಲರು, 28 ದಿನಗಳ ಚಿತ್ರೀಕರಣ ಎಂದರೆ ಬಿಗಿಹಿಡಿದ ಕೈಯೇ. ನಾಯಕ ರಾಕಿ ಮತ್ತು ಅವನ ಪ್ರೇಯಸಿ ಏಡ್ರಿಯನ್ ಐಸ್ ಸ್ಕೇಟಿಂಗಿಗೆ ಹೋಗುವ ದೃಶ್ಯಕ್ಕೆ ಮುನ್ನೂರು ಜನ ಇರಬೇಕಿತ್ತು. ಅಷ್ಟು ಜನರಿಗೆ ಕೂಲಿ ಕೊಡಲು ಹಣವಿರಲಿಲ್ಲ. ಅಂಗಳ ಮುಚ್ಚಿದ ಮೇಲೆ ಕಾವಲುಗಾರನ ಕೈಬಿಸಿ ಮಾಡಿ ಒಳಗೆ ಹೋದ ಹಾಗೆ ದೃಶ್ಯವನ್ನು ಬದಲಾಯಿಸಿದರು. ಖಾಲಿ ಅಂಗಳದಲ್ಲಿ ಅವಳು ತಡವರಿಸುತ್ತಾ ಜಾರುತ್ತಾಳೆ, ಅವನು ಪಕ್ಕದಲ್ಲಿ ಓಡುತ್ತಾ ಮಾತಾಡುತ್ತಾನೆ. ಇಡೀ ಚಿತ್ರದಲ್ಲಿ ಇಷ್ಟು ಚೆಂದದ ದೃಶ್ಯ ಇನ್ನೊಂದಿಲ್ಲ. ‘ರಾಕಿ’ ಆಸ್ಕರ್ ಗೆದ್ದು ಕೋಟಿಗಟ್ಟಲೆ ದುಡಿದ ಮೇಲೆ ದೊಡ್ಡ ಸ್ಟುಡಿಯೋಗಳು ಬಾಕ್ಸಿಂಗನ್ನು ತಮ್ಮದಾಗಿಸಿಕೊಂಡವು. ಆ ಬಳಿಕ ಇಂಥ ಕಥೆ ಎಂದರೆ ಕಹಳೆಯ ಸಂಗೀತ, ಬೆಳಗಿನ ಓಟ, ಕೊನೆಯ ಮಹಾಪಂದ್ಯ ಎಂಬಂತಾಯಿತು.

ಆ ಜಾಡು ಬಿಟ್ಟವರೂ ಇದ್ದರು. ಜಪಾನಿನ ತಕೇಶಿ ಕಿತಾನೊ 1996ರಲ್ಲಿ ‘ಕಿಡ್ಸ್ ರಿಟರ್ನ್’ ತೆಗೆದರು. ಶಾಲೆ ತಪ್ಪಿಸಿ ಸೈಕಲ್ ಮೇಲೆ ಅಲೆಯುವ ಇಬ್ಬರು ಹುಡುಗರಲ್ಲಿ ಒಬ್ಬನಾದ ಶಿಂಜಿಗೆ ಬಾಕ್ಸಿಂಗ್ ಒಲಿಯುತ್ತದೆ. ಅವನನ್ನು ಕೆಡಿಸುವುದು ಎದುರಾಳಿಯ ಗುದ್ದಲ್ಲ. ಅದೇ ಜಿಮ್‌ನ ಹಳೆಯ ಬಾಕ್ಸರನೊಬ್ಬ ಕುಡಿಯಲು ಕಲಿಸುತ್ತಾನೆ, ಹೊಟ್ಟೆ ತುಂಬಾ ತಿಂದು ತೂಕ ಏರದಂತೆ ವಾಂತಿ ಮಾಡುವುದನ್ನು ಹೇಳಿಕೊಡುತ್ತಾನೆ. ಹರೆಯದವರು ಹಾಳಾಗುವುದು ಎಷ್ಟು ಸದ್ದಿಲ್ಲದೆ ನಡೆಯುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಬಾಕ್ಸಿಂಗ್ ಸಿನಿಮಾ ವಿರಳ.

ಇಷ್ಟೆಲ್ಲ ಕಥೆಗಳಲ್ಲಿ ರಿಂಗಿನೊಳಗಿದ್ದವರು ಗಂಡುಮಕ್ಕಳೇ. ಹುಡುಗಿಯರ ಪಾಲಿಗೆ ಅಮೆರಿಕದ ಅಮೆಚೂರ್ ಬಾಕ್ಸಿಂಗ್ ಬಹುಕಾಲ ಮುಚ್ಚಿದ ಬಾಗಿಲಾಗಿತ್ತು. 1993ರಲ್ಲಿ ವಾಷಿಂಗ್ಟನ್ ರಾಜ್ಯದ 16 ವರ್ಷದ ಡಲ್ಲಾಸ್ ಮಲಾಯ್ ಕೋರ್ಟಿಗೆ ಹೋದಳು. ತೀರ್ಪು ಅವಳ ಪರ ಬಂತು, ಅದೇ ವರ್ಷ ಯುಎಸ್ಎ ಬಾಕ್ಸಿಂಗ್ ಸಂಸ್ಥೆ ನಿಷೇಧ ತೆಗೆಯಿತು. 1995ರಲ್ಲಿ ನ್ಯೂಯಾರ್ಕಿನ ಗೋಲ್ಡನ್ ಗ್ಲೋವ್ಸ್ ಪಂದ್ಯಾವಳಿಯೂ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ಸಿನಿಮಾದ ದಿಕ್ಕು ಬದಲಾಗಿದ್ದು ಈ ಕಾನೂನಿನ ಗೆಲುವಿನಿಂದ ಎಂದರೆ ಉತ್ಪ್ರೇಕ್ಷೆಯಲ್ಲ. ರಿಂಗಿಗೆ ಹುಡುಗಿಯರು ಬಂದರು, ಅವರ ಜೊತೆ ಕ್ಯಾಮೆರಾ ಬಂತು.

1999ರಲ್ಲಿ ಬಂದ ಸಾಕ್ಷ್ಯಚಿತ್ರ ‘ಆನ್ ದಿ ರೋಪ್ಸ್’ ಇದಕ್ಕೆ ಸಾಕ್ಷಿ. ನನೆಟ್ ಬರ್ಸ್ಟೀನ್ ಮತ್ತು ಬ್ರೆಟ್ ಮಾರ್ಗನ್ ಬ್ರೂಕ್ಲಿನ್‌ನ ಬೆಡ್-ಸ್ಟೈ ಜಿಮ್‌ನ ಮೂವರು ಯುವ ಬಾಕ್ಸರ್‌ಗಳನ್ನು ಹಿಂಬಾಲಿಸಿದರು. ಅವರಲ್ಲೊಬ್ಬಳು ಟೈರೀನ್ ಮ್ಯಾನ್ಸನ್, ಗೋಲ್ಡನ್ ಗ್ಲೋವ್ಸ್‌ಗೆ ಸಜ್ಜಾಗುತ್ತಿದ್ದವಳು. ಮನೆಯಲ್ಲಿ ಸಿಕ್ಕ ಮಾದಕವಸ್ತು ತನ್ನದಲ್ಲ ಎಂದು ಅವಳು ಎಷ್ಟು ಹೇಳಿದರೂ ಕೋರ್ಟು ನಂಬಲಿಲ್ಲ. ರಿಂಗಿನಲ್ಲಿ ಇರಬೇಕಾದವಳು ಜೈಲು ಸೇರಿದಳು. ಚಿತ್ರ ಆಸ್ಕರ್ ನಾಮನಿರ್ದೇಶನ ಪಡೆಯಿತು.

ಕುಸಾಮಾ ಜಿಮ್‌ಗೆ ಕಾಲಿಟ್ಟಿದ್ದು ಕಥೆ ಹುಡುಕಿಕೊಂಡಲ್ಲ, ಬಾಕ್ಸಿಂಗ್ ಕಲಿಯಲೆಂದು. 1992ರಲ್ಲಿ ಅವರು ಬ್ರೂಕ್ಲಿನ್‌ನ ಗ್ಲೀಸನ್ಸ್ ಜಿಮ್ ಸೇರಿದರು. 1937ರಲ್ಲಿ ಬ್ರಾಂಕ್ಸ್‌ನಲ್ಲಿ ಶುರುವಾದ ಆ ಜಿಮ್ ಜೇಕ್ ಲಮೋಟಾನಂಥ ಚಾಂಪಿಯನ್ನರನ್ನು ಕಂಡಿತ್ತು. ಅಲ್ಲಿ ಅವರಿಗೆ ಹೆಕ್ಟರ್ ರೋಕಾ ಕೋಚ್. ‘ಗರ್ಲ್‌ಫೈಟ್’ನ ಕೋಚ್‌ನ ಹೆಸರೂ ಹೆಕ್ಟರ್ ಆಗಿರುವುದು ಸುಮ್ಮನೆ ಅಲ್ಲ. ನಾಯಕಿ ಡಯಾನಾ ಪಾತ್ರಕ್ಕೆ ನೂರಾರು ಹುಡುಗಿಯರನ್ನು ನೋಡಿ, ಎಂದೂ ಮುಖ್ಯ ಪಾತ್ರ ಮಾಡಿರದ ಮಿಶೆಲ್ ರೋಡ್ರಿಗಸ್‌ರನ್ನು ಆರಿಸಿದರು. ಅವರೂ ತಿಂಗಳುಗಟ್ಟಲೆ ಗ್ಲೀಸನ್ಸ್‌ನಲ್ಲಿ ಬೆವರು ಹರಿಸಿದರು.

ಚಿತ್ರದಲ್ಲಿ ಬಾಕ್ಸಿಂಗ್ ಕಲಿಯಬೇಕಾದವನು ಡಯಾನಾಳ ತಮ್ಮ ಟೈನಿ. ಗಂಡಸಾಗಲಿ ಎಂದು ಅಪ್ಪ ಅವನನ್ನು ಜಿಮ್‌ಗೆ ಅಟ್ಟಿದ್ದಾನೆ, ಹುಡುಗನ ಮನಸ್ಸೆಲ್ಲ ಚಿತ್ರ ಬಿಡಿಸುವುದರಲ್ಲಿ. ತಮ್ಮನ ಶುಲ್ಕ ಕಟ್ಟಲು ಹೋದ ಡಯಾನಾ ಅಲ್ಲೇ ನಿಂತುಬಿಡುತ್ತಾಳೆ. ಹೆಕ್ಟರ್ ಒಂದು ಪಾಠಕ್ಕೆ 10 ಡಾಲರ್ ಕೇಳುತ್ತಾನೆ. ಮಗನಿಗೆ ಧಾರಾಳವಾಗಿ ಕೊಡುವ ಅಪ್ಪ ಮಗಳಿಗೆ ಕೊಡುವುದಿಲ್ಲ. ಅವಳು ಅಪ್ಪನ ದುಡ್ಡನ್ನೇ ಕದಿಯುತ್ತಾಳೆ. ಹತ್ತು ಡಾಲರಿನ ಈ ಎಳೆ ಮನೆಯೊಳಗಿನ ರಾಜಕೀಯವನ್ನೆಲ್ಲ ಹೇಳಿಬಿಡುತ್ತದೆ. ರಿಂಗಿನ ದೃಶ್ಯಗಳಲ್ಲಿ ಗುದ್ದು ನೇರ ಕ್ಯಾಮೆರಾಕ್ಕೇ ಬಂದಂತಾಗಿ ನೋಡುವವರು ತಲೆ ಹಿಂದೆಗೆಯುತ್ತಾರೆ. ಆದರೆ ಚಿತ್ರದ ಅತಿ ಕಠಿಣ ಹೊಡೆದಾಟ ನಡೆಯುವುದು ರಿಂಗಿನಲ್ಲಲ್ಲ, ಮನೆಯಲ್ಲಿ. ಸತ್ತ ತಾಯಿಯ ಲೆಕ್ಕವನ್ನು ಮಗಳು ಅಪ್ಪನಿಂದ ಕೇಳುತ್ತಾಳೆ. ಕೊನೆಯ ಪಂದ್ಯದಲ್ಲಿ ಎದುರಿಗಿರುವವನು ಅವಳು ಪ್ರೀತಿಸಿದ ಹುಡುಗ. ಗೆದ್ದ ಮೇಲೆ ಸಂಭ್ರಮ ಬೇಡವೋ ಬೇಕೋ ಎಂದು ಗೊತ್ತಾಗದ ಸ್ಥಿತಿ ಅವಳದು.

2000ದ ಸನ್‌ಡ್ಯಾನ್ಸ್ ಉತ್ಸವದಲ್ಲಿ ಚಿತ್ರಕ್ಕೆ ಜ್ಯೂರಿಯ ಅಗ್ರ ಪ್ರಶಸ್ತಿ ಹಂಚಿಕೆಯಾಗಿ ಬಂತು, ನಿರ್ದೇಶನದ ಪ್ರಶಸ್ತಿಯೂ ಬಂತು. ಗಲ್ಲಾಪೆಟ್ಟಿಗೆ ಮಾತ್ರ ತುಂಬಲಿಲ್ಲ. ರೋಡ್ರಿಗಸ್ ಮರುವರ್ಷವೇ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಮೂಲಕ ತಾರೆಯಾದರು. ಕುಸಾಮಾ ಅವರ ಎರಡನೆಯ ಚಿತ್ರ ತೆರೆಗೆ ಬರಲು 2005ರವರೆಗೆ ಕಾಯಬೇಕಾಯಿತು. ಇಷ್ಟು ಪ್ರಶಸ್ತಿ ಪಡೆದ ನಿರ್ದೇಶಕಿಗೆ ಇಷ್ಟು ದೀರ್ಘ ಕಾಯುವಿಕೆ ಅನ್ಯಾಯವೇ ಸರಿ.

ಹೆಣ್ಣುಮಕ್ಕಳ ಬಾಕ್ಸಿಂಗ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಪದಕದ ಆಟವಾಯಿತು. ನಮ್ಮ ಮೇರಿ ಕೋಮ್ ಕಂಚು ಗೆದ್ದದ್ದು ಅಲ್ಲೇ, ಅಮೆರಿಕದ 17 ವರ್ಷದ ಕ್ಲಾರೆಸ್ಸಾ ಶೀಲ್ಡ್ಸ್ ಚಿನ್ನ ಗೆದ್ದದ್ದೂ ಅಲ್ಲೇ. ಅದರ ಮರುವರ್ಷ ನಾರ್ವೆಯ ಇಬ್ಬರು ನಿರ್ದೇಶಕಿಯರು ಚೆನ್ನೈನ ದಲಿತ ಕುಟುಂಬದ ಬಾಕ್ಸರ್ ತುಳಸಿಯನ್ನು ಕುರಿತ ‘ಲೈಟ್ ಫ್ಲೈ, ಫ್ಲೈ ಹೈ’ ಸಾಕ್ಷ್ಯಚಿತ್ರವನ್ನು ಹೊರತಂದರು. ಅಲ್ಲಿ ಪದಕದಷ್ಟೇ ಮುಖ್ಯವಾದದ್ದು ಕ್ರೀಡಾ ಮೀಸಲಾತಿಯಲ್ಲಿ ಸಿಗಬಹುದಾದ ಸರ್ಕಾರಿ ನೌಕರಿ. ಕನ್ನಡದ ನೋಡುಗರಿಗೆ ಈ ಲೆಕ್ಕಾಚಾರವನ್ನು ಯಾರೂ ವಿವರಿಸಬೇಕಿಲ್ಲ.

2015ರ ‘ದಿ ಫಿಟ್ಸ್’ ಅಗ್ಗದಲ್ಲಿ ತಯಾರಾದ, ಈ ಸಾಲಿನ ಅತ್ಯಂತ ದಿಟ್ಟ ಚಿತ್ರ. ಅದರ ನಿರ್ದೇಶಕಿ ಆನ್ನಾ ರೋಸ್ ಹೋಲ್ಮರ್‌ಗೆ ವೆನಿಸ್ ಬಿಯೆನಾಲೆಯ ತರಬೇತಿ ಯೋಜನೆ ಕೊಟ್ಟದ್ದು 1,50,000 ಯೂರೊ. ಸಿನ್ಸಿನಾಟಿಯ ಸಮುದಾಯ ಭವನವೊಂದರಲ್ಲಿ ಅಣ್ಣನ ಜೊತೆ ಬಾಕ್ಸಿಂಗ್ ಅಭ್ಯಾಸ ಮಾಡುವ 11 ವರ್ಷದ ಟೋನಿಗೆ ಪಕ್ಕದ ಕೋಣೆಯಲ್ಲಿ ಕುಣಿಯುವ ಹುಡುಗಿಯರ ಸೆಳೆತ. ಕುಣಿಯುವವರು ಅದೇ ಊರಿನ ಕ್ಯೂ-ಕಿಡ್ಸ್ ತಂಡದ ನಿಜವಾದ ಹುಡುಗಿಯರು. ಪಾದಚಾರಿ ಸೇತುವೆಯ ಮೇಲೆ ಟೋನಿ ಒಬ್ಬಳೇ ನೃತ್ಯದ ಹೆಜ್ಜೆಗಳನ್ನು ರೂಢಿಸಿಕೊಳ್ಳುತ್ತಾಳೆ. ಮೊದಮೊದಲು ಕೈಕಾಲು ಕೇಳುವುದಿಲ್ಲ; ನೋಡನೋಡುತ್ತ ಆ ಹೆಜ್ಜೆಗಳೊಳಗೆ ಗುದ್ದುಗಳೂ ಸೇರಿಕೊಂಡು ಮೈ ಹಗುರಾಗುತ್ತದೆ. ಒಂದು ಮಾತಿಲ್ಲ.

‘ದಿ ಫಿಟ್ಸ್’ 72 ನಿಮಿಷದ ಚಿತ್ರ, ‘ಡೇ ಆಫ್ ದಿ ಫೈಟ್’ ಹದಿನಾರು ನಿಮಿಷದ್ದು. ಎರಡನ್ನೂ ಒಂದೇ ಸಂಜೆ ಕೂತು ನೋಡಬಹುದು. ‘ಗರ್ಲ್‌ಫೈಟ್’ಗೆ ಮಾತ್ರ ಬೇರೆಯೇ ಒಂದು ದಿನ ಎತ್ತಿಡಿ.